ನಾಲ್ಕನೆಯ ಮೂಲೆ

ಕತ್ತರಿ ಒಂದು ಸಲ ಬಾಯಿ ಮುಚ್ಚಿತು. ಎಂಟು ಎಳೆಗಳ ತುದಿಗಳೂ ಒಂದೇ ಗೆರೆಗೆ ಬಂದು ನಿಂತವು. ಚಂದ್ರಪ್ರಭಾ ಕನ್ನಡಕವನ್ನು ಹಣೆಗೇರಿಸಿ, ಮಡಿಲಲ್ಲಿದ್ದ ಉಣ್ಣೆಯ ಶಾಲನ್ನು ದೀಪದ ಕೆಳಗೆ ಹಿಡಿದು, ತನ್ನ ಕೆಲಸವನ್ನು ತಾನೇ ಮೆಚ್ಚಿ ನೋಡಿದಳು.

"ರೀ, ಒಂದ್ನಿಮಿಷ ಬನ್ನಿ. ಈ ನಾಲ್ಕು ಮೂಲೇಲಿ ನಾನು ಕಟ್ಟಿರೋದು ಯಾವ್ದು, ಹೇಳಿ ನೋಡೋಣ."

ಉಮಾಶಂಕರ್ ಮೀಟಿಂಗನ್ನು ಮ್ಯೂಟ್ ಮಾಡಿ, ಹೆಡ್‌ಫೋನನ್ನು ಕೊರಳಿಗೆ ಇಳಿಸಿಕೊಂಡು ಬಂದ. ಟೋಕಿಯೊದ ಶಿನಾಗಾವಾದ ಆ ಮನೆಯಲ್ಲಿ ಎಲ್ಲಿಂದ ಎಲ್ಲಿಗೆ ಬಂದರೂ ನಾಲ್ಕೇ ಹೆಜ್ಜೆ.

"ಈ ಬೆಳ್ಳಗಿರೋದು."

"ಬಣ್ಣ ಬಿಡ್ರೀ. ಉಳಿದ ಮೂರು ಮಣ್ಣು ಕುಡಿದು ಹಾಗಾಗಿವೆ. ಗಂಟು ನೋಡಿ, ಗಂಟು."

"ಗಂಟಲ್ಲಿ ನೋ ಡಿಫರೆನ್ಸ್. ಪ್ಯೂರ್ ಕಾಪಿ ಪೇಸ್ಟ್. ಅದ್ಸರಿ, ತುದಿ ಯಾಕೆ ಕತ್ತರಿಸಿದೆ?"

"ಒಂದೆಳೆ ಉದ್ದ ಇತ್ತು. ಹಾಗೇ ಬಿಟ್ರೆ ಜೋತಾಡ್ತಿತ್ತು, ನೋಡಕ್ಕಾಗಲ್ಲ."

ಉದ್ದ ಬಿಟ್ಟ ದಾರವನ್ನು ಚಂದ್ರಪ್ರಭಾ ನೋಡಲಾರಳು. ಮನೆ ಪಕ್ಕದ ದಿನಸಿ ಅಂಗಡಿ, ಅಂದರೆ ಇಲ್ಲಿಯ ಕೊಂಬಿನಿಯಲ್ಲಿ ಬಿಲ್ ಮಾಡುವ ಹುಡುಗಿಯ ಏಪ್ರನ್ನಿನಿಂದ ಒಂದು ನೂಲು ನೇತಾಡುತ್ತಿದ್ದರೂ ಇವಳ ಹೆಬ್ಬೆರಳು ತೋರುಬೆರಳು ತಾವಾಗಿಯೇ ಕತ್ತರಿಯಾಡುತ್ತವೆ. ಟೋಕಿಯೊ ಕನ್ನಡಿಗರಿಗೆಲ್ಲ ಅವಳು 'ಕುಚ್ಚು ಚಂದ್ರಕ್ಕ'. ರಾಜ್ಯೋತ್ಸವಕ್ಕೆ ಯಾರ ಸೆರಗು ತಿರುಗಿಸಿ ನೋಡಿದರೂ ಅದರಲ್ಲಿ ಅವಳ ಕೈ ಇರುತ್ತದೆ. ಯಾವ ಕ್ಲಾಸಿಗೂ ಹೋಗಿ ಕಲಿತದ್ದಲ್ಲ. ಮೈಸೂರಿನಲ್ಲಿದ್ದಾಗ ಪಕ್ಕದ ಮನೆಯವರ ಸೀರೆಯ ಕುಚ್ಚನ್ನು ಕದ್ದು ಬಿಚ್ಚಿ, ಬೆಳಗಾಗುವುದರೊಳಗೆ ಮತ್ತೆ ಕಟ್ಟಿಟ್ಟು, ಹಾಗೆ ಬಿಚ್ಚುತ್ತ ಕಟ್ಟುತ್ತ ಕಲಿತದ್ದು.

ಶಾಲು ನವಗಾಂವ್‌ಕರ್ ಕಾಕಾನದು. ಹೋದ ವರ್ಷ ಇದೇ ಕೊಂಬಿನಿಯಲ್ಲಿ, ಮೊಸರಿನ ಡಬ್ಬಿಗಳ ಮುಂದೆ ನಿಂತು ಚಂದ್ರಪ್ರಭಾ ಫೋನಿನಲ್ಲಿ ಗಂಡನಿಗೆ ಬೈಯುತ್ತಿದ್ದಳು. ಜಪಾನಿನಲ್ಲಿ ಕನ್ನಡದಲ್ಲಿ ಎಷ್ಟು ಬೇಕಾದರೂ ಬೈಯಬಹುದು ಎನ್ನುವ ಧೈರ್ಯ. ಆಗ ಬೆನ್ನ ಹಿಂದಿನಿಂದ, "ಸುಮಿಮಾಸೆನ್, ತಪ್ಪು ತಿಳೀಬ್ಯಾಡ. ಅಷ್ಟು ಬೈಬ್ಯಾಡವ್ವ, ಗಂಡಸರಿಗೆ ಮೊಸರಿನ ಹೆಸರು ನೆನಪಿರಂಗಿಲ್ಲ" ಎಂದು ಹುಬ್ಬಳ್ಳಿಯ ಧ್ವನಿಯೊಂದು ಕೇಳಿಸಿ, ಅವಳ ಕೈಯಿಂದ ಬುಟ್ಟಿಯೇ ಜಾರಿತ್ತು. ಊರುಗೋಲು ಹಿಡಿದ, ಹತ್ತಿರ ಹತ್ತಿರ ಎಂಬತ್ತರ ಮುದುಕರು ನಗುತ್ತ ನಿಂತಿದ್ದರು. ಸಾಲೊಮನ್ ನವಗಾಂವ್‌ಕರ್. ಮುಂಬೈ ಕಡೆಯ ಯೆಹೂದಿ ಮನೆತನ, ತಂದೆ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫೋರ್‌ಮನ್. ಮುತ್ತಿನ ವ್ಯಾಪಾರದ ಕಂಪನಿಯೊಂದರ ಕೆಲಸಕ್ಕೆಂದು ಕೋಬೆಗೆ ಬಂದವರು ಇಲ್ಲಿಯ ಮಿಚಿಕೋ ಎಂಬಾಕೆಯನ್ನು ಮದುವೆಯಾಗಿ, ಇಲ್ಲಿಯವರೇ ಆಗಿಬಿಟ್ಟರು. ಈಗ ಕಾಲುವೆಯ ಆಚೆ ದಡದಲ್ಲಿ ಮಗಳು ರೂತ್‌ಳ ಮನೆಯಲ್ಲಿದ್ದಾರೆ. ಅವತ್ತಿನಿಂದ ಅವರು ಇವಳಿಗೆ ಕಾಕಾ, ಇವಳು ಅವರಿಗೆ ತಂಗಿ.

ಶಾಲು ಕೊಡುವಾಗ ಕಾಕಾ ಹೇಳಿದ್ದಿಷ್ಟು: "ನಮ್ಮ ಪ್ರಾರ್ಥನಿ ಶಾಲು ಇದು. ಒಂದ ಮೂಲಿ ಹರದೈತಿ, ತ್ಯಾಪಿ ಹಾಕಿಕೊಡು. ಉಣ್ಣೀಗೆ ಲಿನನ್ ದಾರ ಮಾತ್ರ ತಾಕಿಸಬ್ಯಾಡ. ಅವೆರಡೂ ಕೂಡಂಗಿಲ್ಲ ನಮ್ಮ ಶಾಸ್ತ್ರದಾಗ." ಅವಳು ಲಿನನ್ ತಾಕಿಸಲಿಲ್ಲ. ರೇಷ್ಮೆಯ ದಾರದಲ್ಲಿ ತೇಪೆ ಹಾಕಿದಳು. ಹೊಲಿಗೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯಿತೆಂದು ಅವಳಿಗೇ ಕಾಣದ ಹಾಗೆ. ಆಮೇಲೆ ಚೀಲದ ತಳದಲ್ಲಿ ಬಿಳಿ ದಾರದ ಪೊಟ್ಟಣ ಸಿಕ್ಕಿತು. ಮೂರು ಮೂಲೆಗೆ ಕುಚ್ಚಿದೆ, ನಾಲ್ಕನೆಯದು ಬೋಳು, ದಾರ ಜೊತೆಗೇ ಇದೆ. ಕುಚ್ಚು ಚಂದ್ರಕ್ಕನಿಗೆ ಇನ್ನೇನು ಹೇಳಬೇಕು? ಹಳೆಯ ಕುಚ್ಚೊಂದನ್ನು ಸೂಜಿಯ ಮೊನೆಯಲ್ಲಿ ಎಣಿಸಿದಳು. ಗಂಟು, ಹತ್ತು ಸುತ್ತು, ಗಂಟು, ಐದು ಸುತ್ತು, ಗಂಟು, ಆರು, ಗಂಟು, ಐದು, ಕೊನೆಗೊಂದು ಗಂಟು. ಹಾಗೆಯೇ ಕಟ್ಟಿದಳು.

ಮರುದಿನ ಮಂಗಳವಾರ ಬೆಳಿಗ್ಗೆ ತಾನೇ ಒಯ್ದು ಕೊಟ್ಟಳು. ಕಾಕಾ ಎಡಗೈಯಿಂದ ಶಾಲನ್ನು ಬಿಡಿಸಿ ಮೇಜಿನ ಮೇಲೆ ಹರಡಿದರು. ಅವರ ಬಲಗೈಗೆ ಲಕ್ವಾ ಹೊಡೆದು ಮೂರು ವರ್ಷ. ಅದು ಮೇಜಿನಂಚಿನಲ್ಲಿ ಸುಮ್ಮನೆ ಮಲಗಿತ್ತು.

"ತ್ಯಾಪಿ ಎಲ್ಲೈತಿ ತಂಗಿ? ನನಗ ಕಾಣವಲ್ದು!"

"ಕಾಣಬಾರ್ದು ಅಂತ ತಾನೇ ಹಾಕೋದು ಕಾಕಾ."

ನಗುತ್ತಿದ್ದ ಕಾಕಾನ ಬೆರಳು ಮೂಲೆಯವರೆಗೆ ಸರಿದು ನಿಂತುಬಿಟ್ಟಿತು. "ಇದನ್ನ ಯಾರು ಕಟ್ಟಿದ್ರು?"

"ನಾನೇ. ಸರ್‌ಪ್ರೈಸ್!"

ಅವರು ಒಂದೊಂದು ಸುತ್ತನ್ನೂ ಉಗುರಿನಿಂದ ಎಣಿಸಿದರು. ಎಣಿಸಿ ಮುಗಿಸಿ, ಮತ್ತೆ ಮೊದಲಿನಿಂದ ಎಣಿಸಿದರು. "ಎಷ್ಟು ಛಲೋ ಕಟ್ಟೀಯವ್ವ" ಎಂದರು ಕೊನೆಗೆ. "ಆದ್ರ ಬಿಚ್ಚಬೇಕಾಗತೈತಿ."

"ಯಾಕೆ? ಲೆಕ್ಕ ತಪ್ಪಿದ್ಯಾ?"

"ಲೆಕ್ಕ ತಪ್ಪಿಲ್ಲ. ಇದನ್ನ ನಮ್ಮವರ ಕಟ್ಟಬೇಕು. ಬ್ಯಾರೇದವರು ಕಟ್ಟಿದ್ದು ನಡಿಯಂಗಿಲ್ಲ."

ಚಂದ್ರಪ್ರಭಾಳ ಕಿವಿಗೆ ಮುಂದಿನದು ಬೀಳಲಿಲ್ಲ. ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಮೈಸೂರಿನ ಒಂದು ದೊಡ್ಡ ಮನೆಯ ಮದುವೆ ಸೀರೆಗೆ ಐದು ದಿನ ಕೂತು ಕುಚ್ಚು ಕಟ್ಟಿ ಒಯ್ದಿದ್ದಳು. ಆ ಮನೆಯ ಹಿರಿಯಾಕೆ ಬಾಗಿಲಲ್ಲೇ ನಿಲ್ಲಿಸಿ, ಸೀರೆಯನ್ನು ಮಣೆಯ ಮೇಲೆ ಇಡಿಸಿ, ಅದರ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ, ಆಮೇಲೆ ಎತ್ತಿಕೊಂಡಿದ್ದರು. ಕುಚ್ಚು ಚೆನ್ನಾಗಿದೆ ಎಂದೂ ಹೇಳಿದ್ದರು. ಆ ನಾಲ್ಕು ಹನಿ ಇಷ್ಟು ವರ್ಷದ ಮೇಲೆ, ಇಷ್ಟು ದೂರದಲ್ಲಿ ಮತ್ತೆ ಕೈಮೇಲೆ ಬಿದ್ದ ಹಾಗಾಯಿತು.

"ಸರಿ ಕಾಕಾ. ಬಿಚ್ಚಿಕೊಳ್ಳಿ" ಎಂದು ಎದ್ದಳು. ರೂತ್ ತಂದಿಟ್ಟ ಚಹಾದ ಮೇಲೆ ಇನ್ನೂ ಹಬೆಯಾಡುತ್ತಿತ್ತು.

ಅವತ್ತು ಇಡೀ ದಿನ ಫೋನು ಕುಣಿಯಿತು. ಕೊನೆಗೆ ಉಮಾಶಂಕರನೇ ನೋಡಿ ಹೇಳಿದ, "ಕಾಕಾಂದು ಕಣೇ. ಆರನೇ ಸಲ."

"ಬರ್ಲಿ. ನಾನು ಮುಟ್ಟಿದ ಕುಚ್ಚು ಆಗಲ್ಲ, ನಾನು ಮುಟ್ಟಿದ ಫೋನ್ ಆಗುತ್ತಾ?"

ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ ಬಾಗಿಲ ಗಂಟೆ. ಕಾಕಾ ಒಬ್ಬರೇ ನಿಂತಿದ್ದಾರೆ. ಕೊರಳಿಗೆ ಶಾಲಿನ ಚೀಲ, ಕೈಯಲ್ಲಿ ಊರುಗೋಲು. ಸೇತುವೆ ದಾಟಿ ನಡೆದೇ ಬಂದಿದ್ದರಿಂದ ಏದುಸಿರು.

"ನೀ ನಿನ್ನೆ ಚಾ ಕುಡೀದ ಬಂದೆಲ್ಲ? ಅದಕ್ಕ ನಾ ಇಲ್ಲೇ ಕುಡಿಯಾಕ ಬಂದೇನಿ. ನಿನ್ನ ಕಪ್ಪಿನಾಗ ಕೊಡು, ಬ್ಯಾರೇ ಕಪ್ಪು ತಗದೀ ಅಂದ್ರ ನಾ ಸಿಟ್ಟಾಗತೀನಿ."

ಚಂದ್ರಪ್ರಭಾ ತನ್ನ ಕಪ್ಪಿನಲ್ಲೇ ಚಹಾ ಕೊಟ್ಟಳು. ಮನೆಯಿಂದಲೇ ಕೆಲಸ ಮಾಡುತ್ತಿದ್ದ ಉಮಾಶಂಕರ್ ಇದೇ ಸಂದು ಎಂದು ಲ್ಯಾಪ್‌ಟಾಪ್ ಮಡಚಿ ಬಂದು ಕೂತ.

"ಮೈಲಿಗಿ ಅಲ್ಲ ತಂಗಿ," ಕಾಕಾ ನೇರವಾಗಿ ವಿಷಯಕ್ಕೆ ಬಂದರು. "ನಿನಗ ಜ್ವರ ಬಂದಾಗ ನಿನ್ನ ಗಂಡ ಔಷಧ ಕುಡದ್ರ ನಡೀತೈತೇನು?"

"ಅವಳಿಗೆ ಜ್ವರ ಬಂದ್ರೆ ಬೈಸಿಕೊಳ್ಳೋದಂತೂ ನಾನೇ ಕಾಕಾ" ಎಂದ ಉಮಾಶಂಕರ್.

"ನೀ ಸುಮ್ನಿರಪ್ಪ. ನೋಡವ್ವ, ಇದು ನನಗ ಒಪ್ಪಿಸಿದ ಕೆಲಸ. ನೋಡಿದಾಗ ನೆನಪಾಗಲಿ ಅಂತ ಉಡುಪಿನ ನಾಲ್ಕೂ ಮೂಲಿಗೆ ದಾರ ಕಟ್ಟಿಕೊಳ್ರಿ ಅಂತ ದೇವರು ನಮಗ ಅಂದಾನ. ಆ ದಾರ ನೂಲೋವಾಗ ಇದಕ್ಕಂತನ ನೂಲಬೇಕು. ಕಟ್ಟೋವಾಗ ಇದಕ್ಕಂತನ ಕಟ್ಟಬೇಕು, ಬಾಯಿಬಿಟ್ಟು ಅನ್ನಬೇಕು. ಖರೇ ಹೇಳು, ನೀ ಕಟ್ಟೋವಾಗ ಏನ್ ವಿಚಾರ ಮಾಡಾಕತ್ತಿದ್ದಿ?"

ಚಂದ್ರಪ್ರಭಾ ತಲೆ ತಗ್ಗಿಸಿದಳು. "ಕುಕ್ಕರ್ ಎಷ್ಟು ವಿಷಲ್ ಆಯ್ತು ಅಂತ."

ಕಾಕಾ ಚಹಾ ತುಳುಕುವ ಹಾಗೆ ನಕ್ಕರು. ಅವಳಿಗೂ ತಡೆಯಲಾಗಲಿಲ್ಲ. ನಗು ಇಳಿದ ಮೇಲೆ ಅವರು ಸುತ್ತುಗಳ ಗುಟ್ಟು ಹೇಳಿದರು. ಬೇರೆ ಬೇರೆ ಮನೆತನದಲ್ಲಿ ಬೇರೆ ಬೇರೆ ಎಣಿಕೆಯಿದೆಯಂತೆ. ಇವರ ಮನೆಯದು ಹತ್ತು, ಐದು, ಆರು, ಐದು. ಹೀಬ್ರೂವಿನಲ್ಲಿ ಒಂದೊಂದು ಅಕ್ಷರಕ್ಕೂ ಒಂದು ಅಂಕಿ. ಆ ನಾಲ್ಕು ಅಂಕಿ ಸೇರಿದರೆ ದೇವರ ಹೆಸರು.

"ಆ ಹೆಸರ ನಾವು ಬಾಯಿಲೆ ಅನ್ನೂದಿಲ್ಲ. ದಾರದಾಗ ಸುತ್ತತೇವಿ."

"ಅಯ್ಯೋ! ಹಾಗಾದ್ರೆ ನಾನು ಗೊತ್ತಿಲ್ದೆ ದೇವರ ಹೆಸರು ಬರೆದುಬಿಟ್ನಾ?"

"ಬರದಿ. ಅಕ್ಷರಾನೂ ದುಂಡಗೆ ಬರದಿ. ಸಹಿ ಮಾತ್ರ ನನ್ನದು ಬೇಕಾಗಿತ್ತು."

ಚಂದ್ರಪ್ರಭಾ ಸೂಜಿ ತಂದು, ತಾನು ಕಟ್ಟಿದ್ದನ್ನು ತಾನೇ ಬಿಚ್ಚಿದಳು. ಬಿಚ್ಚುವುದಕ್ಕೆ ಯಾರಾದರೂ ಆಗುತ್ತದೆ ಎಂದರು ಕಾಕಾ. ತುದಿ ಕತ್ತರಿಸಿದ್ದರಿಂದ ಆ ನಾಲ್ಕು ದಾರ ಗಿಡ್ಡವಾಗಿ, ಇನ್ನು ಉಪಯೋಗಕ್ಕೆ ಬಾರದವಾಗಿದ್ದವು. ಕಾಕಾ ಅವನ್ನು ಎಸೆಯಲಿಲ್ಲ. ಸುತ್ತಿ ಅಂಗಿಯ ಜೇಬಿಗೆ ಹಾಕಿಕೊಂಡರು.

ಆಮೇಲೆ ಚೀಲದಿಂದ ಕೈಯಗಲದ ರಟ್ಟಿನ ಚೀಟಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಅದರ ಮೇಲೆ ಜಪಾನಿಯಲ್ಲಿ ಬರೆದಿತ್ತು: 'ಮೇಜಿನ ಹಾಸು ಇರಬಹುದು?'

ಐದು ವರ್ಷದ ಹಿಂದಿನ ಭೂಕಂಪದ ದಿನ, ಕಾಕಾ ಕಣ್ಣಿನ ಡಾಕ್ಟರಿಗೆ ತೋರಿಸಲೆಂದು ಸೆಂಡಾಯ್ ಊರೊಳಗೆ ಹೋಗಿದ್ದರು. ಮಿಚಿಕೋ ತೀರಿಕೊಂಡ ಮೇಲೂ ಅವಳ ತವರೂರಿನಲ್ಲಿ ಅವರು ಒಬ್ಬರೇ ಇದ್ದ ಕಡಲ ಬದಿಯ ಮನೆ ಸುನಾಮಿಗೆ ಸಿಕ್ಕಿ, ಅಡಿಪಾಯ ಬಿಟ್ಟು ಏನೂ ಉಳಿಯಲಿಲ್ಲ. ನಾಲ್ಕು ತಿಂಗಳ ಮೇಲೆ ಶಾಲೆಯೊಂದರ ವ್ಯಾಯಾಮದ ಹಾಲಿನಲ್ಲಿ, ಕೆಸರಿನಿಂದ ಹೆಕ್ಕಿ ತೊಳೆದ ವಸ್ತುಗಳನ್ನು ಸಾಲಾಗಿ ಇಟ್ಟಿದ್ದರು. ಫೋಟೋಗಳು, ಶಾಲೆಯ ಚೀಲಗಳು, ಪದಕಗಳು. ಅವುಗಳ ನಡುವೆ ಹಗ್ಗದ ಮೇಲೆ, ಎರಡು ಕ್ಲಿಪ್ಪಿನಲ್ಲಿ ಈ ಶಾಲು.

"ಯಾರ ತೊಳದ್ರೋ ಗೊತ್ತಿಲ್ಲ. ಮೂರೂ ಮೂಲಿ ದಾರ ಒಂದೊಂದ ಎಳಿ ಬಿಡಿಸಿ ತೊಳದಾರ. ಮೇಜಿನ ಹಾಸು ಅಂತ ತಿಳಕೊಂಡೂ ಅಷ್ಟು ಕಾಳಜಿ! ನಾಲ್ಕನೇ ಮೂಲಿ ಮಾತ್ರ ಸಮುದ್ರದ ಪಾಲಾಗಿತ್ತು." ಕಾಕಾ ಹಳೆಯ ಕುಚ್ಚೊಂದನ್ನು ಹೆಬ್ಬೆರಳಲ್ಲಿ ಸವರಿದರು. "ಇವು ನಮ್ಮಪ್ಪ ಕಟ್ಟಿದ್ದು. ವರ್ಕ್‌ಶಾಪಿನ ಎಣ್ಣಿ ಕೈಯನ್ನ ಮೂರು ಸರ್ತಿ ತೊಳಕೊಂಡು ಕೂತು ಕಟ್ಟಿದ್ದ. ಒಂದ ಮೂಲಿ ಇಲ್ಲಂದ್ರೂ ಶಾಲು ಹೊದಿಯಾಕ ಬರಂಗಿಲ್ಲ. ಐದು ವರ್ಷಾತು, ಮಡಚಿ ಇಟ್ಟೇನಿ. ಇವತ್ತು ಕಟ್ಟತೀನಿ, ನಾಳೆ ಕಟ್ಟತೀನಿ ಅಂತ ಅನ್ನೂದ್ರಾಗ ಈ ಕೈ ಬಿದ್ದುಹೋತು."

ಈ ಶನಿವಾರ ಮೊಮ್ಮಗಳು ನವೋಮಿಗೆ ಹದಿಮೂರು ತುಂಬಿದ ಸಮಾರಂಭ. ಅವರ ಪ್ರಾರ್ಥನಾ ಮಂದಿರದಲ್ಲಿ ಎಲ್ಲರ ಮುಂದೆ ನಿಂತು ಧರ್ಮಗ್ರಂಥದ ಸುರುಳಿಯನ್ನು ಓದಬೇಕು. ಅಂದು ಹೊದೆಯಲೆಂದು ರೂತ್ ಇಂಟರ್‌ನೆಟ್ಟಿನಲ್ಲಿ ಹೊಸ ಶಾಲು ತರಿಸಿಟ್ಟಿದ್ದಾಳೆ. ರಬ್ಬಿ, ಅಂದರೆ ಅವರ ಗುರುಗಳು, ತಾವೇ ಕಟ್ಟಿಕೊಡುತ್ತೇನೆಂದರೂ ಕಾಕಾ ಒಪ್ಪಿಲ್ಲ.

"ನಮ್ಮಪ್ಪ ನನಗ ಕಟ್ಟಿಕೊಟ್ಟ. ನಾ ಆಕಿಗೆ ಕಟ್ಟಿಕೊಡಬೇಕು. ಹುಡುಗೀಗೆ ಶಾಲು ಹೊಚ್ಚೂದು ನಮ್ಮಪ್ಪನ ಕಾಲದಾಗ ಇರಲಿಲ್ಲ; ಈಗ ಇಲ್ಲಿ ಐತಿ. ಈ ಶಾಲು ನೋಡಿದ್ರ ಅಂವನೂ ಒಪ್ಪತಾನ." ಅವರು ಎಡಗೈಯಿಂದ ಬಲಗೈಯನ್ನು ಎತ್ತಿ ಮೇಜಿನ ಮೇಲೆ, ಚಂದ್ರಪ್ರಭಾಳ ಮುಂದಿಟ್ಟರು. "ಪೊಟ್ಟಣದಾಗ ಹನ್ನೆರಡ ಎಳಿ ಉಳದಾವು. ನಾಲ್ಕ ನಾಲ್ಕರಂಗ ಮೂರ ಸರ್ತಿ. ಶನಿವಾರ ನಾವು ಗಂಟು ಹಾಕೂದಿಲ್ಲ, ಮತ್ತ ನಮ್ಮ ಶನಿವಾರ ಶುಕ್ರವಾರ ಸಂಜೀಗೇ ಶುರು. ನಾಲ್ಕೂ ಹತ್ತಕ್ಕ ರೂತ್ ದೀಪ ಹಚ್ಚತಾಳ. ಅಷ್ಟರಾಗ ನನಗ ಕಲಸು ತಂಗಿ. ಮುಟ್ಟಬ್ಯಾಡ, ಬರೇ ಕಲಸು."

ಮುಟ್ಟದೆ ಕಲಿಸುವುದು! ಚಂದ್ರಪ್ರಭಾ ಎಷ್ಟೋ ಹೆಂಗಸರಿಗೆ ಕುಚ್ಚು ಕಲಿಸಿದ್ದಳು. ಎಲ್ಲವೂ ಕೈ ಹಿಡಿದು, ಮಣಿಕಟ್ಟು ತಿರುಗಿಸಿ, ತಪ್ಪಿದರೆ ಬೆರಳಿಗೊಂದು ಏಟು ಕೊಟ್ಟು. ಗುರುವಾರ ಮಧ್ಯಾಹ್ನ ಕಾಕಾನ ಮನೆಯಲ್ಲಿ ಅವರ ಎದುರು ಕೂತು, ತನ್ನ ಹಳೆಯ ಇಳಕಲ್ ಸೀರೆಯ ಸೆರಗಿಗೆ ಸಾದಾ ನೂಲು ತೂರಿಸಿ ಕಟ್ಟುತ್ತ ತೋರಿಸಿದಳು. "ಹೀಗೆ ಎಳೀರಿ ಕಾಕಾ. ಇನ್ನೂ. ಬಿಡ್ಬೇಡಿ, ಬಿಡ್ಬೇಡಿ—" ಅವರ ಬಲಗೈಯ ಹೆಬ್ಬೆರಳು ದಾರವನ್ನು ಹಿಡಿಯಿತು, ನಡುಗಿತು, ಬಿಟ್ಟಿತು. ಹಲ್ಲಿನಲ್ಲಿ ಕಚ್ಚಿ ಎಳೆದರು. ಮಂಡಿಯ ನಡುವೆ ಸಿಗಿಸಿಕೊಂಡು ನೋಡಿದರು. ಒಂದು ಗಂಟೆಯಾಗುವಷ್ಟರಲ್ಲಿ ನಾಲ್ಕು ಎಳೆಯೂ ಹಿಂಜಿ ಹತ್ತಿಯಂತಾದವು. ಕಾಕಾ ಊರುಗೋಲನ್ನು ಗೋಡೆಯ ಕಡೆ ಎಸೆದರು. ಅದು ಬಾಗಿಲ ಬಳಿಯಿದ್ದ ಹೊಸ ಶಾಲಿನ ಡಬ್ಬಿಗೆ ತಾಗಿ ಬಿತ್ತು.

"ಅದನ್ನ ಹೊದೀಲಿ ಬಿಡು."

ಚಂದ್ರಪ್ರಭಾ ಮನೆಗೆ ಬಂದು ಇಳಕಲ್ ಸೀರೆಯನ್ನು ಮಡಚಿಟ್ಟಳು. ತಾನಾದರೆ ಹತ್ತು ನಿಮಿಷದ ಕೆಲಸ.

"ಎರಡು ಕೈ ಇರೋರಿಗೇ ಕಷ್ಟ ಅದು," ಎಂದಳು ಗಂಡನಿಗೆ. "ಅವರು ಒಂದೇ ಕೈಲಿ ಹೇಗೆ ಮಾಡ್ತಾರೆ?"

"ನಿನಗೂ ಒಂದ್ಸಲ ಕೈ ಫ್ರಾಕ್ಚರ್ ಆಗಿತ್ತಲ್ಲ, ನನ್ನ ತಮ್ಮ ಅನೂಪನ ಮದುವೆ ಟೈಮಲ್ಲಿ? ಆಗ ನಮ್ಮಮ್ಮನ ಸೀರೆ ಕುಚ್ಚು ಹೇಗೆ ಕಟ್ಟಿದ್ದೆ?"

"ನಾನೊಬ್ಬಳೇ ಎಲ್ಲಿ ಕಟ್ಟಿದೆ? ನನ್ನ ತಂಗಿ ಸರಸ್ವತಿ ಎಳೆದು ಹಿಡಿದಿದ್ಲು, ನಾನು ಸುತ್ತಿದೆ..." ಅಷ್ಟು ಹೇಳಿ ಅವಳು ಎದ್ದು ನಿಂತಳು. ಕಾಕಾನ ನಂಬರು ಒತ್ತಿ, ಹಲೋ ಎನ್ನುವುದಕ್ಕೂ ಬಿಡದೆ ಕೇಳಿದಳು: "ಕಾಕಾ, ನವೋಮಿ ಬಲಗೈಲಿ ಬರೀತಾಳಾ, ಎಡಗೈಲಾ?"

"ಬಲಗೈಲೆ. ಯಾಕ?"

"ನಿಮ್ಮ ಎಡಗೈ, ಅವಳ ಬಲಗೈ. ಎರಡೂ ನಿಮ್ಮವರ ಕೈಯೇ ತಾನೇ? ನಿಮ್ಮ ಗುರುಗಳನ್ನ ಈಗಲೇ ಕೇಳಿ."

ಅರ್ಧ ಗಂಟೆಗೆ ಫೋನು ಬಂತು. "ರಬ್ಬಿ ನಡೀತೈತಿ ಅಂದ. ಅಷ್ಟ ಅಲ್ಲ, ಇದನ್ನ ಮೊದಲ ಯಾಕ ಮಾಡಲಿಲ್ಲ ಅಂತ ನನಗ ಬೈದ!"

ಶುಕ್ರವಾರ ನವೋಮಿ ಶಾಲೆಯಿಂದ ಓಡುತ್ತಲೇ ಬಂದರೂ ಮೂರು ಕಾಲಾಗಿತ್ತು. ಯೂನಿಫಾರ್ಮಿನಲ್ಲೇ ಅಜ್ಜನ ಬಲಕ್ಕೆ ಕೂತಳು. ಅಜ್ಜನ ಎಡಗೈ, ಅವಳ ಬಲಗೈ ನಡುವೆ ಅಕ್ಕಪಕ್ಕ ಬೀಳುವ ಹಾಗೆ ಚಂದ್ರಪ್ರಭಾ ಅವಳನ್ನು ಎಬ್ಬಿಸಿ, ಎಡಕ್ಕೆ ಕೂರಿಸಿದಳು. ಶಾಲಿನ ಮೂಲೆಯನ್ನು ಕುರ್ಚಿಯ ಬೆನ್ನಿಗೆ ಬಟ್ಟೆ ಕ್ಲಿಪ್ಪಿನಿಂದ ಬಿಗಿಸಿದ್ದಳು, ಅದು ಜಗ್ಗದಂತೆ ಕುರ್ಚಿಯ ಮೇಲೆ ಐದು ಕಿಲೋ ಅಕ್ಕಿಯ ಚೀಲ. ಅಜ್ಜ ಮೊಮ್ಮಗಳು ಹೀಬ್ರೂವಿನಲ್ಲಿ ಒಂದು ಸಾಲು ಅಂದರು: ಇದನ್ನು ಇದಕ್ಕಾಗಿಯೇ ಕಟ್ಟುತ್ತಿದ್ದೇವೆ ಎಂದು. ನಾಲ್ಕು ಎಳೆ ತೂತಿನಲ್ಲಿ ತೂರಿ ಎಂಟಾದವು.

ಮೊದಲ ಗಂಟು ಬಿತ್ತು. ಹತ್ತು ಸುತ್ತು ಬಿದ್ದವು. ಎರಡನೆಯ ಗಂಟನ್ನು ಬಿಗಿ ಮಾಡುವ ಉತ್ಸಾಹದಲ್ಲಿ ನವೋಮಿ ಜಗ್ಗಿದ ರಭಸಕ್ಕೆ ಸುತ್ತುವ ಎಳೆ ತಟ್ಟನೆ ತುಂಡಾಯಿತು.

"ಗೊಮೆನ್, ಒಜೀಚಾನ್..." ಎಂದು ಅಜ್ಜನ ಕ್ಷಮೆ ಕೇಳಿದ ಹುಡುಗಿಯ ಕಣ್ಣು ತುಂಬಿತು. "ಐ ರೂಯಿನ್ಡ್ ಇಟ್."

ಮೂರೂ ಮೂವತ್ತೈದು. ಅಡುಗೆಮನೆಯಲ್ಲಿ ರೂತ್ ಬ್ರೆಡ್ಡಿನ ಮೇಲೆ ಬಟ್ಟೆ ಮುಚ್ಚುತ್ತಿದ್ದಳು. ಪೊಟ್ಟಣದಲ್ಲಿ ನಾಲ್ಕೇ ನಾಲ್ಕು ಎಳೆ.

ಚಂದ್ರಪ್ರಭಾಳ ಕೈಗಳು ತಾವಾಗಿ ಮುಂದೆ ಹೋಗಿದ್ದವು. ಅರ್ಧ ದಾರಿಯಲ್ಲಿ ಅವನ್ನು ತಡೆದು, ತೊಡೆಯ ಕೆಳಗೆ ಹಾಕಿಕೊಂಡು ಅವುಗಳ ಮೇಲೆಯೇ ಕೂತಳು. "ನವೋಮಿ, ಇಲ್ ನೋಡು. ದಾರಾನ ಎಳೀಬಾರ್ದು. ಹಿಡಿದಿರಬೇಕು ಅಷ್ಟೆ. ನಾಯಿಮರಿ ಚೈನ್ ಹಿಡೀತೀಯಲ್ಲ, ಹಾಗೆ. ಅದು ಓಡಿದ್ರೆ ಬಿಡಲ್ಲ, ಸುಮ್ನಿದ್ರೆ ಎಳೆಯಲ್ಲ. ಎಳೆಯೋ ಕೆಲಸ ಅಜ್ಜಂದು. ಅಂಡರ್‌ಸ್ಟ್ಯಾಂಡ್?"

ಕಾಕಾ ಅದನ್ನು ಜಪಾನಿಯಲ್ಲಿ ದಾಟಿಸಿದರು. "ಹಾಯ್" ಎಂದು ಹೂಂಗುಟ್ಟಿ ಮೂಗೊರೆಸಿಕೊಂಡಳು ಹುಡುಗಿ.

"ಮತ್ತೆ ಬಾಯಿಬಿಟ್ಟು ಎಣಿಸಿ ಇಬ್ರೂ. ಕೈ ಜೊತೇಲಿ ಹೋಗುತ್ತೆ."

ಕಾಕಾ ಕೊನೆಯ ನಾಲ್ಕು ಎಳೆ ತೂರಿಸಿದರು. ಮತ್ತೆ ಆ ಸಾಲು. ಗಂಟು. ಒಂದು ಮುದಿ ಎಡಗೈ, ಒಂದು ಎಳೆಯ ಬಲಗೈ, ಒಂದು ಇನ್ನೊಂದಕ್ಕಾಗಿ ಕಾಯುತ್ತ, ದಾರವನ್ನು ದಾಟಿಸುತ್ತ ನಿಧಾನಕ್ಕೆ ಹೆಜ್ಜೆ ಕೂಡಿಸಿಕೊಂಡವು. ಆಗ ನವೋಮಿ ಎಣಿಸತೊಡಗಿದಳು: "ಒಂದ, ಎರಡ, ಮೂರ, ನಾಕ..."

ಚಂದ್ರಪ್ರಭಾ ಬೆರಗಾಗಿ ಕಾಕಾನ ಮುಖ ನೋಡಿದಳು. ಅವರು ದಾರದಿಂದ ಕಣ್ಣೆತ್ತದೆ ಹೇಳಿದರು, "ಸಣ್ಣಾಕಿದ್ದಾಗ ಸ್ಟೇಷನ್ ಮೆಟ್ಟಲ ಹತ್ತಿಸೋವಾಗ ಕಲಿಸಿದ್ದೆ. ಕನ್ನಡ ಮಾತು ಅಷ್ಟ ಬರತೈತಿ ಆಕಿಗೆ. ಎಣಿಸವ್ವ, ನಿಲ್ಲಿಸಬ್ಯಾಡ."

"...ಒಂಬತ್ತ, ಹತ್ತ!"

ಗಂಟು. ಐದು. ಗಂಟು. ಕಿಟಕಿಯಾಚೆ, ಎದುರಿನ ಕಟ್ಟಡದ ಗಾಜಿನ ಮೇಲಿದ್ದ ಬಿಸಿಲು ಒಂದೊಂದೇ ಮಹಡಿ ಮೇಲೇರುತ್ತಿತ್ತು. ಆರನ್ನು ಎಣಿಸುವಾಗ ಸುತ್ತೊಂದು ಇನ್ನೊಂದರ ಮೇಲೆ ಹತ್ತಿ ಕೂತಿತು. ಚಂದ್ರಪ್ರಭಾ ತುಟಿ ಕಚ್ಚಿಕೊಂಡಳು, ಹೇಳಲಿಲ್ಲ. ಗಂಟು. "ಓತೋಸಾನ್, ಇನ್ನೈದೇ ನಿಮಿಷ" ಎಂದು ರೂತ್ ಅಪ್ಪನನ್ನು ಎಚ್ಚರಿಸಿ, ಬೆಂಕಿಪೊಟ್ಟಣ ಹಿಡಿದು ಬಾಗಿಲಲ್ಲಿ ನಿಂತಳು. ಈಗ ಎಣಿಕೆಗೆ ಅವಳೂ ಚಂದ್ರಪ್ರಭಾಳೂ ಸೇರಿದರು. ನಾಲ್ಕು ಧ್ವನಿ, ಒಂದೇ ಲೆಕ್ಕ: "ಮೂರ... ನಾಕ... ಐದ!"

ಕೊನೆಯ ಗಂಟನ್ನು ಕಾಕಾ ಎಳೆದರು. ನವೋಮಿ ಹಿಡಿದಳು, ಬಿಡಲಿಲ್ಲ, ಎಳೆಯಲಿಲ್ಲ. ಗಂಟು ಕೂತಿತು.

ಆಮೇಲೆ ಕಾಕಾ ಹುಬ್ಬಳ್ಳಿಯ ಗಲ್ಲಿಯಲ್ಲಿ ಗಿಲ್ಲಿದಾಂಡಿನಲ್ಲಿ ಗೆದ್ದ ಹುಡುಗನಂತೆ "ಹೋ!" ಎಂದು ಕೂಗಿದ ಕೂಗಿಗೆ ಕೆಳಗಿನ ಮನೆಯವರು ಛಾವಣಿ ತಟ್ಟಿದರು. ನವೋಮಿ ಕುಣಿದಳು. ಅಕ್ಕಿಯ ಚೀಲ ಉರುಳಿತು. ರೂತ್ ನಗುತ್ತಲೋ ಅಳುತ್ತಲೋ ದೀಪದ ಕಡೆಗೆ ಓಡಿದಳು.

"ಆಂಟಿ, ದಿಸ್ ಒನ್ ಈಸ್ ಟೂ ಲಾಂಗ್,"‌ ನವೋಮಿ ಕುಚ್ಚನ್ನು ಎತ್ತಿ ತೋರಿಸಿದಳು. ಎಂಟರಲ್ಲಿ ಒಂದೆಳೆ ಉಳಿದವಕ್ಕಿಂತ ಎರಡು ಬೆರಳು ಉದ್ದ ಇಳಿದಿತ್ತು. "ವಿಲ್ ಯೂ ಕಟ್ ಇಟ್?"

ಚಂದ್ರಪ್ರಭಾ ತೊಡೆಯ ಕೆಳಗಿಂದ ಕೈ ತೆಗೆದಳು. ಜೋಮು ಹಿಡಿದಿದ್ದವು.

"ಬೇಡ ಪುಟ್ಟಾ," ಎಂದಳು.

ಶನಿವಾರ ಬೆಳಿಗ್ಗೆ ಮಂದಿರದ ಬಾಗಿಲಲ್ಲಿ ಉಮಾಶಂಕರನ ತಲೆಗೊಂದು ಪುಟ್ಟ ಟೋಪಿ ಇಟ್ಟರು. ಅದು ಬೀಳದಂತೆ ಅವನು ನೀರಿನ ಕೊಡ ಹೊತ್ತವನ ಹಾಗೆ ಕತ್ತು ನೆಟ್ಟಗೆ ಮಾಡಿಕೊಂಡು ಕೂತ. ಫೋಟೋ ತೆಗೆಯುವ ಹಾಗಿಲ್ಲ ಎಂದಾಗ ಮುಖ ಸಣ್ಣಗಾಯಿತು. "ಹಾಗಾದ್ರೆ ಹೇಗೆ ನೆನಪಿಟ್ಟುಕೊಳ್ಳೋದು?"

"ಕಣ್ಣಲ್ಲಿ ನೋಡಿ" ಎಂದಳು ಚಂದ್ರಪ್ರಭಾ. ಅವಳು ಉಟ್ಟಿದ್ದು ತನ್ನ ಒಳ್ಳೆಯ ರೇಷ್ಮೆ ಸೀರೆ. ಸೆರಗಿಗೆ ತಾನೇ ಕಟ್ಟಿದ ಕುಚ್ಚು.

ಮುಂದಿನ ಸಾಲಿನಲ್ಲಿ ಕಾಕಾ ಪ್ರಾರ್ಥನೆಯ ಪುಸ್ತಕ ತೆರೆದರು. ಎರಡು ಪುಟಗಳ ನಡುವೆ, ಗುರುತಿಗೆಂದು ಇಟ್ಟ ಬಿಳಿ ದಾರಗಳಿದ್ದವು. ನಾಲ್ಕು, ತುದಿ ಒಂದೇ ಗೆರೆಗೆ ಕತ್ತರಿಸಿದವು. ಚಂದ್ರಪ್ರಭಾ ಎರಡು ಸಲ ನೋಡಿದಳು. ಕಾಕಾ ತಿರುಗಿ, "ಪ್ರಾರ್ಥನಿ ಶಾಲಿಗೆ ಕಟ್ಟಿದ ದಾರ ನಾವು ಕಸಕ್ಕ ಹಾಕಂಗಿಲ್ಲವ್ವ. ಪುಸ್ತಕದಾಗ ಇಟ್ಟಕೋತೇವಿ" ಎಂದು ಪಿಸುಗುಟ್ಟಿ, ಏನೂ ಆಗದವರಂತೆ ಮುಂದೆ ತಿರುಗಿದರು.

ಹೆಸರು ಕರೆದರು. ನವೋಮಿ ಎದ್ದಳು. ಕಾಕಾ ಶಾಲಿನ ಒಂದು ಬದಿಯನ್ನು ಎಡಗೈಯಿಂದ ಎತ್ತಿದರು. ಇನ್ನೊಂದು ಬದಿಯನ್ನು ಹುಡುಗಿಯೇ ಬಲಗೈಯಿಂದ ಹಿಡಿದು, ಬಗ್ಗಿ, ಅದರೊಳಗೆ ಹೊಕ್ಕಳು. ಹುಬ್ಬಳ್ಳಿಯ ಫೋರ್‌ಮನ್ನನ ಶಾಲು ಅವಳ ಮೊಣಕಾಲಿನ ತನಕ ಬಂತು. ಮೂರು ಕುಚ್ಚು ಕೆಸರಿನ ಬಣ್ಣದವು, ಒಂದು ಹಾಲಿನ ಬಣ್ಣದ್ದು. ಅವಳು ನಡೆದು ಹೋಗಿ ಎತ್ತರದ ಮೇಜಿನ ಮುಂದೆ ನಿಂತಳು. ತೆರೆದ ಸುರುಳಿಯಲ್ಲಿ ಓದಬೇಕಾದ ಜಾಗಕ್ಕೆ ಶಾಲಿನ ಕುಚ್ಚನ್ನು ತಾಕಿಸಿ ಮುತ್ತಿಡಬೇಕು. ನಾಲ್ಕರಲ್ಲಿ ಅವಳು ಬಿಳಿಯದನ್ನೇ ಹುಡುಕಿ ತೆಗೆದಳು.

"ಚಂದ್ರಾ," ಉಮಾಶಂಕರ್ ಕತ್ತು ಅಲುಗಿಸದೆ ಕೇಳಿದ, "ಆ ಸುತ್ತು ಸ್ವಲ್ಪ ಸೊಟ್ಟ ಇದೆ ಅಲ್ವಾ?"

"ಸುಮ್ನಿರ್ರೀ."

ಹುಡುಗಿಯ ದನಿ ಮೊದಲ ಪದಕ್ಕೆ ಚೂರು ನಡುಗಿ, ಎರಡನೆಯದಕ್ಕೆ ನೆಲೆಯೂರಿ, ಮೂರನೆಯದಕ್ಕೆ ಹಾಲಿನ ಕಟ್ಟಕಡೆಯ ಕುರ್ಚಿಯನ್ನೂ ಮುಟ್ಟಿತು. ಒಂದು ಕಡೆಯೂ ತಡವರಿಸದೆ ಓದಿ ಮುಗಿಸಿದಾಗ ಎಲ್ಲ ದಿಕ್ಕಿನಿಂದ ಮಿಠಾಯಿ ತೂರಿಬಂತು. ಅದು ಅವರ ಪದ್ಧತಿಯಂತೆ. ಕಾಕಾ ಎಡಗೈಯಲ್ಲಿ ಮುಷ್ಟಿ ಮುಷ್ಟಿ ಎಸೆದರು. ಉಮಾಶಂಕರ್ ಒಂದನ್ನು ಹಿಡಿಯಲು ಹೋಗಿ ಟೋಪಿ ಬೀಳಿಸಿಕೊಂಡ. ನವೋಮಿ ನಗುತ್ತ, ಮಿಠಾಯಿಯ ಮಳೆಯಲ್ಲಿ ತಲೆಗೆ ಅಡ್ಡವಾಗಿ ಶಾಲನ್ನೆತ್ತಿದಳು. ಬಿಳಿಯ ಕುಚ್ಚು ಅವಳ ಮೊಣಕೈಯಿಂದ ಜೋತಾಡಿತು. ಅದರಲ್ಲಿ ಒಂದೆಳೆ, ಎರಡು ಬೆರಳು ಉದ್ದ.

ಚಂದ್ರಪ್ರಭಾಳ ಕೈಗಳು ಮಡಿಲಲ್ಲಿ ಸುಮ್ಮನೆ ಮಲಗಿದ್ದವು. ಒಂದರ ಮೇಲೊಂದು ಬಂದುಬಿದ್ದ ಎರಡು ಮಿಠಾಯಿ ಅವುಗಳಲ್ಲಿ ಹಾಗೆಯೇ ಇದ್ದವು.